ಮೀಸೆ ನೋಡಿ ಮನೆತನ ಹೇಳಿದವರು

ಫ್ರಾಂಕ್‌ಫರ್ಟಿನಲ್ಲಿ 1660ರಲ್ಲಿ ಹದಿಮೂರರ ಹುಡುಗಿಯೊಬ್ಬಳು ರೇಷ್ಮೆಹುಳು ಸಾಕಲು ಶುರುಮಾಡಿದಳು. ಮಾರುವುದಕ್ಕಲ್ಲ, ನೋಡುವುದಕ್ಕೆ. ಹೆಸರು ಮರಿಯಾ ಸಿಬಿಲ್ಲಾ ಮೇರಿಯಾನ್. ತೀರಿಹೋಗಿದ್ದ ತಂದೆ ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುವುದರಲ್ಲಿ ಹೆಸರಾದವನು. ಮಲತಂದೆ ಹೂವಿನ ಚಿತ್ರಗಾರ. ಮನೆಯಲ್ಲಿ ಬಣ್ಣಕ್ಕೂ ಕುಂಚಕ್ಕೂ ಬರವಿರಲಿಲ್ಲ. ಹುಳು ಸೊಪ್ಪು ತಿಂದು, ಪೊರೆ ಬಿಟ್ಟು, ಮತ್ತೆ ತಿಂದು, ಕೊನೆಗೆ ಗೂಡು ಕಟ್ಟಿಕೊಂಡು ಒಳಗೆ ಸೇರಿ, ಬೇರೆಯೇ ರೂಪದಲ್ಲಿ ಹೊರಗೆ ಬರುವುದನ್ನು ಅವಳು ಬಿಡದೆ ನೋಡಿದಳು, ನೋಡಿದ್ದನ್ನು ಬರೆದಿಟ್ಟಳು.

ನಮ್ಮ ಶಿಡ್ಲಘಟ್ಟ, ರಾಮನಗರದ ಕಡೆಯ ರೇಷ್ಮೆ ಬೆಳೆಗಾರರಿಗೆ ಇದರಲ್ಲಿ ಹೊಸದೇನೂ ಇಲ್ಲ. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತೆಪ್ಪಗೆ ಕೂತರೆ ಅವರು ‘ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ನಾಲ್ಕು ಜ್ವರ ಕಳೆದ ಹುಳು ಹಣ್ಣಾಗುತ್ತದೆ; ಹಣ್ಣಾದದ್ದನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಾರೆ. ಬಿತ್ತನೆಗೆಂದು ಇಟ್ಟ ಗೂಡನ್ನು ತೂತು ಮಾಡಿಕೊಂಡು ಬರುವ ಬಿಳಿಯ, ದಪ್ಪ ಹೊಟ್ಟೆಯ, ಹಾರಲಾರದ ಜೀವವನ್ನು ಅವರು ಕರೆಯುವುದು ಚಿಟ್ಟೆ ಎಂದೇ. ಪುಸ್ತಕ ಓದಿದವರು ‘ಅದು ಚಿಟ್ಟೆಯಲ್ಲ, ಪತಂಗ’ ಎಂದು ತಿದ್ದುತ್ತಾರೆ. ತಿದ್ದುವವರ ಮಾತು ಸರಿಯೇ. ಆದರೆ ಎಷ್ಟು ಸರಿ ಎಂಬುದನ್ನು ಇತ್ಯರ್ಥ ಮಾಡಲು ವಿದ್ವಾಂಸರಿಗೆ ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟಾದ ಮೇಲೂ ತೀರ್ಪು ಅವರು ಬಯಸಿದ ಹಾಗೆ ಬರಲಿಲ್ಲ.

ಮೇರಿಯಾನ್ 1679ರಲ್ಲಿ ಕಂಬಳಿಹುಳುಗಳ ರೂಪಾಂತರದ ಬಗ್ಗೆ ಒಂದು ಪುಸ್ತಕ ತಂದಳು. ಹಗಲು ಹಾರುವ ಚಿಟ್ಟೆಗೆ ಅವಳ ಜರ್ಮನ್ ಮಾತಿನಲ್ಲಿ ‘ಬೇಸಿಗೆಯ ಪುಟ್ಟ ಹಕ್ಕಿ’ ಎಂದು ಹೆಸರು. ಕೋಶಕ್ಕೆ ‘ಖರ್ಜೂರದ ಬೀಜ’. ಪುಸ್ತಕದ ವಿಶೇಷ ಅಂದರೆ ಅವಳು ಬರೀ ರೆಕ್ಕೆಯ ಚಿತ್ರ ಬರೆಯಲಿಲ್ಲ. ಒಂದೇ ಹಾಳೆಯಲ್ಲಿ ಗಿಡ, ಎಲೆ ತಿನ್ನುವ ಹುಳು, ಕೋಶ, ರೆಕ್ಕೆ ಬಂದ ಜೀವ ಎಲ್ಲವನ್ನೂ ಕೂಡಿಸಿದಳು. 1699ರಲ್ಲಿ, ಐವತ್ತೆರಡನೇ ವಯಸ್ಸಿನಲ್ಲಿ, ತನ್ನ ಚಿತ್ರಗಳನ್ನು ಮಾರಿ ಹಣ ಹೊಂದಿಸಿಕೊಂಡು ಕಿರಿಯ ಮಗಳೊಂದಿಗೆ ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗು ಹತ್ತಿದಳು. ಎರಡು ವರ್ಷದಲ್ಲಿ ಕಾಯಿಲೆ ಬಿದ್ದು ವಾಪಸಾದಳು. 1705ರಲ್ಲಿ ಸುರಿನಾಮಿನ ಪುಸ್ತಕ ಬಂತು. ಹುಳು ಯಾವ ಗಿಡದ್ದು, ಅದು ಮುಂದೆ ಏನಾಗುತ್ತದೆ ಎಂಬುದೇ ಅವಳ ಪ್ರಶ್ನೆ. ಚಿಟ್ಟೆಯೋ ಪತಂಗವೋ ಎಂಬ ಗೆರೆಯನ್ನು ಗಟ್ಟಿಯಾಗಿ ಎಳೆಯುವ ಗೊಡವೆಗೆ ಅವಳು ಹೋಗಲಿಲ್ಲ.

ಗೆರೆ ಎಳೆದವನು ಸ್ವೀಡನ್ನಿನ ಕಾರ್ಲ್ ಲಿನೇಯಸ್. ಅವನ ‘ಸಿಸ್ಟೆಮಾ ನ್ಯಾಚುರೇ’ಯ ಹತ್ತನೆಯ ಆವೃತ್ತಿ 1758ರಲ್ಲಿ ಬಂತು, ಪ್ರಾಣಿಗಳ ಶಾಸ್ತ್ರೀಯ ಹೆಸರುಗಳ ಲೆಕ್ಕವೆಲ್ಲ ಇಂದಿಗೂ ಅಲ್ಲಿಂದಲೇ ಶುರು. ರೆಕ್ಕೆಯ ಮೇಲೆ ಪುಡಿಯಂಥ ಹುರುಪೆ ಇರುವ ಕೀಟಗಳನ್ನೆಲ್ಲ ಅವನು ಒಂದೇ ಮನೆಗೆ ಸೇರಿಸಿ, ಒಳಗೆ ಮೂರು ಕೋಣೆ ಮಾಡಿದ. ಕುಡಿಮೀಸೆ ತುದಿಯಲ್ಲಿ ದಪ್ಪಗಿದ್ದು, ಕೂತಾಗ ರೆಕ್ಕೆ ನೆಟ್ಟಗೆ ಮೇಲೆತ್ತಿ ಜೋಡಿಸುವ, ಹಗಲಿನಲ್ಲಿ ಹಾರುವ ಜೀವಗಳು ಪ್ಯಾಪಿಲಿಯೋ. ಮೀಸೆ ನಡುವೆ ದಪ್ಪ, ಎರಡು ತುದಿಗೂ ಸಣ್ಣ, ಹಾರುವುದು ಮುಚ್ಚಂಜೆಯಲ್ಲಿ ಎಂದರೆ ಸ್ಫಿಂಕ್ಸ್. ಮೀಸೆ ಬುಡದಿಂದ ತುದಿಗೆ ಸಣ್ಣಗಾಗುತ್ತಾ ಹೋಗುವ, ರೆಕ್ಕೆ ಇಳಿಬಿಟ್ಟು ಕೂರುವ, ರಾತ್ರಿ ಹಾರುವ ಉಳಿದವೆಲ್ಲ ಫಲೀನಾ. ರೇಷ್ಮೆಯ ಚಿಟ್ಟೆ ಮೂರನೆಯ ಕೋಣೆಗೆ ಹೋಯಿತು.

ಆ ‘ಉಳಿದವೆಲ್ಲ’ ಎಂಬ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಜಗಳವೆಲ್ಲ ಹುಟ್ಟುವುದು ಅಲ್ಲಿಂದಲೇ.

ಪ್ಯಾಪಿಲಿಯೋ ಕೋಣೆಯಲ್ಲಿ ಲಿನೇಯಸ್ ಇನ್ನೂರರ ಹತ್ತಿರ ಹೆಸರು ಬರೆದ. ಅಷ್ಟು ಹೆಸರು ಎಲ್ಲಿಂದ ತರುವುದು? ಹೋಮರನ ಮಹಾಕಾವ್ಯಕ್ಕೆ ಕೈ ಹಾಕಿದ. ದೊಡ್ಡ, ಬಾಲದ ಚಿಟ್ಟೆಗಳಿಗೆಲ್ಲ ‘ರಾವುತರು’ ಎಂದು ಹೆಸರಿಟ್ಟು, ಅವರಲ್ಲೇ ಎದೆಯ ಮೇಲೆ ರಕ್ತದ ಬಣ್ಣದ ಚುಕ್ಕಿ ಇದ್ದವರನ್ನು ಟ್ರಾಯ್ ಪಟ್ಟಣದ ಕಡೆಯವರೆಂದೂ, ಇಲ್ಲದವರನ್ನು ಗ್ರೀಕರೆಂದೂ ಎರಡು ದಂಡು ಮಾಡಿದ. ಸಣ್ಣಪುಟ್ಟವು ‘ಸಾಮಾನ್ಯ ಪ್ರಜೆಗಳು’; ಅವರಲ್ಲೂ ಹಳ್ಳಿಯವರು, ಪಟ್ಟಣದವರು ಎಂದು ಎರಡು ಪಂಗಡ. ಶಾಸ್ತ್ರಗ್ರಂಥದಲ್ಲಿ ಇಷ್ಟು ತಮಾಷೆ ಆಮೇಲೆ ಯಾರೂ ಮಾಡಿದಂತಿಲ್ಲ. ನಮ್ಮಲ್ಲಿ ಈಶ್ವರಿ ಬಳ್ಳಿಯ ಎಲೆ ತಿಂದು ಬೆಳೆಯುವ, ಕಪ್ಪು ರೆಕ್ಕೆ, ಕೆಂಪು ಮೈಯ ಕ್ರಿಮ್ಸನ್ ರೋಸ್ ಚಿಟ್ಟೆಗೆ ಅವನಿಟ್ಟ ಹೆಸರು ಹೆಕ್ಟರ್. ಟ್ರಾಯ್‌ನ ಮಡಿದ ಯುವರಾಜ ಕರ್ನಾಟಕದ ಬೇಲಿಗಳ ಮೇಲೆ ಇಂದಿಗೂ ಹಾರಾಡುತ್ತಿದ್ದಾನೆ.

ಹೆಕ್ಟರನ ತಮ್ಮಂದಿರ ಕಥೆ ಇನ್ನೂ ಚೆನ್ನಾಗಿದೆ. ಲಿನೇಯಸ್ ಮುಂದೆ ಏಷ್ಯಾದಿಂದ ಬಂದ ಎರಡು ಚಿಟ್ಟೆಗಳಿದ್ದವು. ಒಂದು ಕಪ್ಪು, ಹಿಂದಿನ ರೆಕ್ಕೆಯ ಮೇಲೆ ಬಿಳಿ ಚುಕ್ಕಿಗಳ ಸಾಲು. ಇನ್ನೊಂದಕ್ಕೆ ಬಿಳಿಯ ಜತೆಗೆ ಕೆಂಪು ಗುರುತು. ಮೊದಲನೆಯದಕ್ಕೆ ಪಮ್ಮೊನ್ ಎಂದೂ ಎರಡನೆಯದಕ್ಕೆ ಪಾಲಿಟಿಸ್ ಎಂದೂ ಹೆಸರಿಟ್ಟ. ಇಬ್ಬರೂ ಟ್ರಾಯ್‌ನ ರಾಜ ಪ್ರಿಯಾಮನ ಮಕ್ಕಳು. ನೂರು ವರ್ಷ ದಾಟಿದ ಮೇಲೆ ಗೊತ್ತಾಯಿತು, ಇವರು ಅಣ್ಣತಮ್ಮಂದಿರಲ್ಲ, ಗಂಡಹೆಂಡಿರು! ಪಮ್ಮೊನ್ ಗಂಡು, ಪಾಲಿಟಿಸ್ ಅದರದೇ ಹೆಣ್ಣು. ಈ ಚಿಟ್ಟೆಯ ಹೆಣ್ಣಿಗೆ ಒಂದೇ ವೇಷವಲ್ಲ. ಒಂದು ಬಗೆ ಗಂಡಿನ ಹಾಗೇ ಇರುತ್ತದೆ. ಇನ್ನೆರಡು ಬಗೆ ಹಕ್ಕಿಗಳು ಬಾಯಿಗಿಡದ ವಿಷದ ಚಿಟ್ಟೆಗಳ ವೇಷ ಹಾಕುತ್ತವೆ. ಅವುಗಳಲ್ಲಿ ಒಂದರ ಮಾದರಿ ಹೆಕ್ಟರನೇ. ಈ ಗೋಜಲನ್ನು 1865ರಲ್ಲಿ ಆಲ್ಫ್ರೆಡ್ ರಸೆಲ್ ವಾಲೇಸ್ ಬಿಡಿಸಿಟ್ಟ. ಬಗೆಬಗೆಯ ಹೆಂಡಿರಿರುವ ಗಂಡು ಎಂದು ಇಂಗ್ಲಿಷರು ಇದಕ್ಕೆ ‘ಮಾರ್ಮನ್’ ಎಂದು ಅಡ್ಡಹೆಸರು ಕೊಟ್ಟರು; ಮಾರ್ಮನ್ ಎಂಬ ಕ್ರೈಸ್ತ ಪಂಥದಲ್ಲಿ ಆಗ ಇದ್ದ ಬಹುಪತ್ನಿತ್ವದ ಮೇಲಿನ ಕೊಂಕು ಅದು.

ಈ ಚಿಟ್ಟೆಯ ಹುಳು ನಮ್ಮ ಹಿತ್ತಲಿನ ಕರಿಬೇವಿನ ಗಿಡದಲ್ಲೇ ಸಿಗುತ್ತದೆ. ಎಳೆಯದು ಹಕ್ಕಿಯ ಹಿಕ್ಕೆಯ ಹಾಗೆ ಕಂದು-ಬಿಳಿ, ಬಲಿತದ್ದು ಎಲೆಹಸಿರು. ಮುಟ್ಟಿದರೆ ಕತ್ತಿನ ಹಿಂದಿನಿಂದ ಕವಲು ನಾಲಗೆಯಂಥ ಕೆಂಪು ಕೊಂಬು ಹೊರಗೆ ಚಾಚಿ ಘಾಟು ಬಿಡುತ್ತದೆ. ಒಂದು ತಾಯಿ ಇಟ್ಟ ಮೊಟ್ಟೆಗಳನ್ನು ಡಬ್ಬಿಯಲ್ಲಿಟ್ಟು ಕರಿಬೇವು ಹಾಕಿ ಸಾಕಿದ್ದರೆ ಪಮ್ಮೊನ್ನೂ ಪಾಲಿಟಿಸ್ಸೂ ಒಂದೇ ಡಬ್ಬಿಯಿಂದ ಎದ್ದು ಬರುತ್ತಿದ್ದರು. ಅಡುಗೆಗೆ ಎಲೆ ಕೀಳಲು ಹೋದವರಿಗೂ ತಿಳಿಯಬಹುದಾಗಿದ್ದ ಸಂಗತಿ, ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಟ್ಟ ರೆಕ್ಕೆಗಳನ್ನು ನೋಡಿದ ಮಹಾಪಂಡಿತನಿಗೆ ಕಾಣಲಿಲ್ಲ. ಈ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ.

ರೆಕ್ಕೆ ನಂಬಿ ಲಿನೇಯಸ್ ಇನ್ನೊಂದು ಸಲ ಬೇಸ್ತು ಬಿದ್ದ. ಲಂಡನ್ನಿನಲ್ಲಿ ಜೇಮ್ಸ್ ಪೆಟಿವರ್ ಎಂಬ ಔಷಧಿ ಅಂಗಡಿಯವನಿದ್ದ. ಜಗತ್ತಿನ ಮೂಲೆಮೂಲೆಯಿಂದ ಕೀಟ ತರಿಸುವ ಹುಚ್ಚು ಅವನಿಗೆ. 1702ರಲ್ಲಿ ವಿಲಿಯಂ ಚಾರ್ಲ್ಟನ್ ಎಂಬುವನು ಸಾಯುವ ಸ್ವಲ್ಪ ಮೊದಲು ಅವನಿಗೊಂದು ಅಪರೂಪದ ಚಿಟ್ಟೆ ಕಳಿಸಿದ. ಹಳದಿ ರೆಕ್ಕೆ, ಅದರ ಮೇಲೆ ಕಪ್ಪು ಮಚ್ಚೆ, ಹಿಂದಿನ ರೆಕ್ಕೆಯಲ್ಲಿ ನೀಲಿ ಚಂದ್ರ. ಅಂಥದ್ದನ್ನು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. 1763ರಲ್ಲಿ ಲಿನೇಯಸ್ ಅದಕ್ಕೆ ಪ್ಯಾಪಿಲಿಯೋ ಎಕ್ಲಿಪ್ಸಿಸ್ ಎಂದು ಹೆಸರಿಟ್ಟ, ಗ್ರಹಣದ ಚಿಟ್ಟೆ. 1793ರಲ್ಲಿ ಅವನ ಶಿಷ್ಯ ಯೋಹಾನ್ ಕ್ರಿಶ್ಚಿಯನ್ ಫ್ಯಾಬ್ರಿಷಿಯಸ್ ಆ ಚಿಟ್ಟೆಯನ್ನು ಕೈಗೆತ್ತಿಕೊಂಡು ಹತ್ತಿರದಿಂದ ನೋಡಿದ. ಇಂಗ್ಲೆಂಡಿನ ತೋಟಗಳಲ್ಲಿ ಸಿಗುವ ಮಾಮೂಲಿ ಹಳದಿ ಚಿಟ್ಟೆ. ಮೇಲೆ ಯಾರೋ ಕುಂಚದಿಂದ ಬಣ್ಣ ಬಳಿದಿದ್ದರು. ಬ್ರಿಟಿಷ್ ಮ್ಯೂಸಿಯಮ್ಮಿನ ಪಾಲಕ ಸಿಟ್ಟಿಗೆದ್ದು ಅದನ್ನು ಕಾಲಿನಿಂದ ಹೊಸಕಿಹಾಕಿದನಂತೆ.

ಫ್ಯಾಬ್ರಿಷಿಯಸ್‌ಗೆ ಮೋಸ ಕಂಡದ್ದು ಬರೀ ಅದೃಷ್ಟದಿಂದಲ್ಲ ಎಂದು ನನಗನ್ನಿಸುತ್ತದೆ. ರೆಕ್ಕೆಯ ಅಂದಕ್ಕೆ ಮರುಳಾಗುವ ಜಾಯಮಾನವೇ ಅವನದಲ್ಲ. ಕೀಟವನ್ನು ಗುರುತಿಸಬೇಕಾದರೆ ಅದರ ಬಾಯಿ ನೋಡಬೇಕು ಎಂಬುದು ಅವನ ಹಟ. ಜೀವ ಉಳಿಯುವುದು ತಿನ್ನುವುದರಿಂದ, ಆದ್ದರಿಂದ ಬಾಯಿ ಸುಳ್ಳು ಹೇಳಲಾರದು. ಈ ಲೆಕ್ಕದಲ್ಲೇ ಅವನು ಹತ್ತು ಸಾವಿರಕ್ಕೆ ಹತ್ತಿರ ಕೀಟಗಳಿಗೆ ಹೆಸರಿಟ್ಟ. ತಮಿಳು ಕರಾವಳಿಯ ತರಂಗಂಬಾಡಿಯಲ್ಲಿ ಡೇನರ ವಸಾಹತಿತ್ತು. ಅಲ್ಲಿಗೆ 1768ರಲ್ಲಿ ಬಂದ ಲಿನೇಯಸ್‌ನ ಇನ್ನೊಬ್ಬ ಶಿಷ್ಯ ಯೋಹಾನ್ ಗೆರಾರ್ಡ್ ಕೋನಿಗ್ ಹಿಡಿದು ಕಳಿಸಿದ ದಕ್ಷಿಣ ಭಾರತದ ಕೀಟಗಳೂ ಫ್ಯಾಬ್ರಿಷಿಯಸ್‌ನ ಮೇಜಿಗೆ ಹೋದವು. ಆದರೆ ಚಿಟ್ಟೆ-ಪತಂಗದ ವಿಷಯಕ್ಕೆ ಬಂದರೆ ಬಾಯಿಯ ಸೂತ್ರ ಕೈಕೊಟ್ಟಿತು. ಎರಡಕ್ಕೂ ಸುರುಳಿ ಸುತ್ತಿದ ಅದೇ ಹೀರುನಳಿಕೆ.

ಬಾಯಿಯೂ ಆಗಲಿಲ್ಲ ಎಂದ ಮೇಲೆ ಫ್ರಾನ್ಸಿನ ಪಿಯರ್ ಆಂದ್ರೆ ಲಾಟ್ರೇಯ್ ಗಡಿಯಾರ ಹಿಡಿದ. ಅವನು ಬದುಕಿ ಉಳಿದದ್ದೇ ಒಂದು ಜೀರುಂಡೆಯ ಕೃಪೆಯಿಂದ. ಪಾದ್ರಿಯಾಗಿದ್ದವನು, ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡದೆ ಬೋರ್ದೋ ಪಟ್ಟಣದ ಸೆರೆಮನೆ ಸೇರಿದ. ಕೈದಿಗಳನ್ನು ನೋಡಲು ವೈದ್ಯ ಬಂದಾಗ ಲಾಟ್ರೇಯ್ ನೆಲದ ಮೇಲೆ ಹರಿದಾಡುತ್ತಿದ್ದ ಸಣ್ಣ ಜೀರುಂಡೆಯೊಂದನ್ನು ತದೇಕಚಿತ್ತದಿಂದ ನೋಡುತ್ತಿದ್ದನಂತೆ. ಇದು ಬಲು ಅಪರೂಪದ್ದು ಎಂದ. ವೈದ್ಯ ಅದನ್ನು ಒಯ್ದು ಕೀಟದ ಹುಚ್ಚಿದ್ದ ಒಬ್ಬ ಹದಿಹರೆಯದ ಹುಡುಗನಿಗೆ ಕೊಟ್ಟ. ಲಾಟ್ರೇಯ್‌ನ ಬರಹಗಳ ಪರಿಚಯ ಹುಡುಗನಿಗಿತ್ತು. ಅವನ ಕಡೆಯವರು ಓಡಾಡಿ ಪಾದ್ರಿಯನ್ನು ಬಿಡಿಸಿದರು. ಜತೆಗಿದ್ದ ಕೈದಿಗಳಲ್ಲಿ ಹೆಚ್ಚಿನವರು ಬದುಕಿ ಬರಲಿಲ್ಲ. ನೆಕ್ರೋಬಿಯಾ ರುಫಿಕೋಲಿಸ್ ಎಂಬ ಆ ಜೀರುಂಡೆಗೆ 1775ರಲ್ಲಿ ಹೆಸರಿಟ್ಟಿದ್ದವನು ಫ್ಯಾಬ್ರಿಷಿಯಸ್ಸೇ.

ಹೀಗೆ ಉಳಿದ ಲಾಟ್ರೇಯ್ ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಲಿನೇಯಸ್‌ನ ಮೂರು ಕೋಣೆಗಳಿಗೆ ಮೂರು ವೇಳೆ ಹಂಚಿಕೊಟ್ಟ: ಹಗಲಿನವು, ಮುಚ್ಚಂಜೆಯವು, ಇರುಳಿನವು. ಇಂದಿಗೂ ಜನಸಾಮಾನ್ಯರ ತಲೆಯಲ್ಲಿರುವುದು ಇದೇ ಲೆಕ್ಕ. ಹೂವಿಗೆ ಬಂದರೆ ಚಿಟ್ಟೆ, ದೀಪಕ್ಕೆ ಬಿದ್ದರೆ ಪತಂಗ.

ಆದರೆ ಕೀಟಗಳು ಪಂಚಾಂಗ ನೋಡಿ ಹಾರುವುದಿಲ್ಲವಲ್ಲ. ಸೂರ್ಯ ನೆತ್ತಿಗೇರಿದಾಗ ಹೂವಿನ ಮುಂದೆ ನಿಂತಲ್ಲೇ ರೆಕ್ಕೆ ಬಡಿಯುತ್ತಾ ಮಕರಂದ ಹೀರುವ, ಗಾಜಿನಂಥ ರೆಕ್ಕೆಯ, ದುಂಬಿಯ ಹಾಗೆ ಕಾಣುವ ಜೀವವೊಂದಿದೆ. ಅದು ಸ್ಫಿಂಕ್ಸ್ ಕುಲದ್ದು, ಕೋಶದಿಂದ ಹೊರಬಂದಾಗ ರೆಕ್ಕೆಯ ಮೇಲೆ ಹುರುಪೆ ಇರುತ್ತದೆ. ಮೊದಲ ಹಾರಾಟದಲ್ಲೇ ಕೊಡವಿಹಾಕುತ್ತದೆ. ಅದಕ್ಕೆ ಮುಚ್ಚಂಜೆಯ ಹಂಗಿಲ್ಲ. ದಕ್ಷಿಣ ಅಮೆರಿಕದಲ್ಲಿ ಮಿರುಗುವ ಹಸಿರು ಪಟ್ಟೆಗಳ, ಬಾಲವಿರುವ, ಬಿಸಿಲಲ್ಲೇ ಹಾರುವ ಇನ್ನೊಂದಿದೆ. ಲಿನೇಯಸ್ ಅದನ್ನು ರಾವುತರ ಜತೆ ಸೇರಿಸಿ ಪ್ಯಾಪಿಲಿಯೋ ಲೀಲಸ್ ಎಂದು ಬರೆದಿದ್ದ. ಅದು ಪತಂಗ. ಇತ್ತ ನಮ್ಮ ಮನೆಗಳ ಟ್ಯೂಬ್‌ಲೈಟಿಗೆ ಮುಸ್ಸಂಜೆಯಲ್ಲಿ ಬಂದು ಗೋಡೆಗೆ ಕೂರುವ ಒಣಗಿದೆಲೆಯ ಬಣ್ಣದ ಜೀವವಿದೆಯಲ್ಲ, ಎಲ್ಲರೂ ಪತಂಗವೆಂದೇ ಓಡಿಸುವುದು, ಅದು ಲಿನೇಯಸ್ 1758ರಲ್ಲೇ ಪ್ಯಾಪಿಲಿಯೋ ಲೀಡಾ ಎಂದು ಬರೆದಿಟ್ಟ ಅಪ್ಪಟ ಚಿಟ್ಟೆ. ಅದರ ವಿಷಯದಲ್ಲಿ ಅವನು ತಪ್ಪಲಿಲ್ಲ.

ಹೊತ್ತನ್ನು ನಂಬುವ ಹಾಗಿಲ್ಲ ಎಂದಾದಾಗ ಪ್ಯಾರಿಸ್ಸಿನ ವೈದ್ಯ ಜೀನ್ ಬಾತಿಸ್ತ್ ಬೋಯ್ಸ್‌ದುವಾಲ್ ಮತ್ತೆ ಮೀಸೆಗೆ ಮರಳಿದ. 1830ರ ದಶಕದಿಂದ ಅವನ ಪುಸ್ತಕಗಳು ಬಳಕೆಗೆ ತಂದ ಎರಡು ಹೆಸರು ನೂರೈವತ್ತು ವರ್ಷ ಆಳಿದವು. ರೋಪಲೋಸೆರಾ, ಎಂದರೆ ಗದೆಮೀಸೆಯವು, ಇವು ಚಿಟ್ಟೆ. ಹೆಟೆರೋಸೆರಾ, ಎಂದರೆ ಬೇರೆಮೀಸೆಯವು; ಇವು ಪತಂಗ. ಕುಡಿಮೀಸೆಯ ತುದಿಯಲ್ಲಿ ಬೆಂಕಿಕಡ್ಡಿಯ ಮದ್ದಿನಂತೆ ಗುಂಡಗಿದ್ದರೆ ಒಂದು ಕಡೆ. ದಾರದ ಹಾಗೆ, ಬಾಚಣಿಗೆಯ ಹಾಗೆ, ಗರಿಯ ಹಾಗೆ ಹೇಗಿದ್ದರೂ ಇನ್ನೊಂದು ಕಡೆ. ಎರಡನೆಯ ಹೆಸರಿನೊಳಗೆ ಲಿನೇಯಸ್‌ನ ‘ಉಳಿದವೆಲ್ಲ’ ಸದ್ದಿಲ್ಲದೆ ಬಂದು ಕೂತಿದೆ. ಊರಲ್ಲಿ ಒಂದು ಮನೆತನದವರನ್ನು ಹೆಸರು ಹಿಡಿದು ಕರೆದು, ಮಿಕ್ಕ ಊರಿಗೆಲ್ಲ ‘ಬೇರೆಯವರು’ ಎಂದ ಹಾಗೆ.

ಮೀಸೆಗೆ ಸಾಕ್ಷಿಯಾಗಿ ಇನ್ನೊಂದು ಗುರುತೂ ಸಿಕ್ಕಿತು. ಪತಂಗಗಳಲ್ಲಿ ಬಹುಪಾಲಿಗೆ ಹಿಂದಿನ ರೆಕ್ಕೆಯ ಬುಡದಿಂದ ಗಡಸು ಕೂದಲೊಂದು ಎದ್ದು ಮುಂದಿನ ರೆಕ್ಕೆಯ ಅಡಿಯಲ್ಲಿರುವ ಕುಣಿಕೆಗೆ ಸಿಕ್ಕಿಕೊಳ್ಳುತ್ತದೆ. ರವಿಕೆಯ ಹುಕ್ಕಿನ ಹಾಗೆ. ಎರಡು ರೆಕ್ಕೆ ಒಂದಾಗಿ ಬಡಿಯುವುದು ಅದರಿಂದ. ಚಿಟ್ಟೆಗೆ ಹುಕ್ಕಿಲ್ಲ, ಅಗಲವಾದ ಹಿಂದಿನ ರೆಕ್ಕೆಯೇ ಮುಂದಿನದಕ್ಕೆ ಒತ್ತಿಕೊಂಡಿರುತ್ತದೆ. ಮೀಸೆ ಅನುಮಾನ ಹುಟ್ಟಿಸಿದರೆ ಹುಕ್ಕು ನೋಡಿ ಹೇಳಿ ಎಂದರು. ಟಸರ್ ರೇಷ್ಮೆ ಕೊಡುವ ದೊಡ್ಡ ಪತಂಗಗಳ ಕುಟುಂಬ ಆ ಹುಕ್ಕನ್ನು ಎಂದೋ ಕಳೆದುಕೊಂಡಿದೆ ಎಂಬುದನ್ನು ಹೇಗೋ ಸಂಭಾಳಿಸಿದರು. ಪೂರ್ವ ಆಸ್ಟ್ರೇಲಿಯಾದ ಒಂದು ಜೀವ ಮಾತ್ರ ನುಂಗಲಾರದ ತುತ್ತಾಯಿತು. ಯೂಶೆಮಾನ್ ರಾಫ್ಲೇಸಿಯಾ. ಸ್ಕಿಪ್ಪರ್ ಎಂಬ, ನೆಗೆನೆಗೆದು ಹಾರುವ ಚಿಟ್ಟೆಗಳ ಕುಟುಂಬದ್ದು. ಮೀಸೆ ಚಿಟ್ಟೆಯದು. ಆದರೆ ಗಂಡಿನ ರೆಕ್ಕೆ ಬಿಡಿಸಿದರೆ ಬುಡದಲ್ಲಿ ಹುಕ್ಕು ಇದೆ. ಹೆಣ್ಣಿಗೆ ಇಲ್ಲ! ಗಂಡ ಪತಂಗ, ಹೆಂಡತಿ ಚಿಟ್ಟೆ ಎಂದು ಬರೆಯುವ ಹಾಗಿದೆಯೇ? ಸ್ಕಿಪ್ಪರುಗಳನ್ನೇ ಬಹಳ ಕಾ‌ಲ ಪೂರ್ತಿ ಚಿಟ್ಟೆಯಲ್ಲ ಎಂಬಂತೆ ಬೇರೆ ಪಂಕ್ತಿಯಲ್ಲಿ ಕೂರಿಸಿದ್ದರು.

ಇಷ್ಟು ಹೊತ್ತಿಗೆ ಕಥೆ ನಮ್ಮ ಕಡೆಗೂ ಬಂದಿತ್ತು. ನೀಲಗಿರಿಯಲ್ಲಿ ಚಹಾ ತೋಟ ಮಾಡಿಕೊಂಡಿದ್ದ ಜಾರ್ಜ್ ಹ್ಯಾಂಪ್ಸನ್‌ಗೆ ಪತಂಗದ ಗೀಳು ಹಿಡಿದು, ಲಂಡನ್ನಿಗೆ ಹಿಂದಿರುಗಿ 1892ರಿಂದ 1896ರವರೆಗೆ ಭಾರತದ ಪತಂಗಗಳ ಮೇಲೆ ನಾಲ್ಕು ಸಂಪುಟ ತಂದ. ಉಪಯುಕ್ತ ಪುಸ್ತಕಗಳು, ಆದರೆ ಮತ್ತೆ ಸೂಜಿ ಚುಚ್ಚಿದ ರೆಕ್ಕೆಗಳದೇ ಲೋಕ. ಅದೇ ದಿನಗಳಲ್ಲಿ ಕಾರವಾರದಲ್ಲಿ ನಡೆಯುತ್ತಿದ್ದದ್ದು ಬೇರೆ.

ಉತ್ತರ ಕನ್ನಡ ಆಗ ಬೊಂಬಾಯಿ ಪ್ರಾಂತ್ಯದ ಜಿಲ್ಲೆ. ಕಲೆಕ್ಟರ್ ಜೇಮ್ಸ್ ಡೇವಿಡ್ಸನ್. ಉಪ್ಪು-ಸುಂಕದ ಇಲಾಖೆಯಲ್ಲಿ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್. ಅರಣ್ಯ ಇಲಾಖೆಯಲ್ಲಿ ಐರ್ಲೆಂಡಿನ ಟಿ. ಆರ್. ಬೆಲ್. ಏಟ್ಕನ್ 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದವರಲ್ಲಿ ಒಬ್ಬ, ಪ್ರಾಣಿಪಕ್ಷಿಗಳ ಮೇಲೆ ನಗಿಸುತ್ತಾ ಬರೆಯುವ ಲೇಖಕ. ಮೂವರು ಸರ್ಕಾರಿ ಅಧಿಕಾರಿಗಳು, ಮೂವರಿಗೂ ಹುಳು ಸಾಕುವ ಚಟ. ಚಿಟ್ಟೆ ಹಿಡಿದು ಪೆಟ್ಟಿಗೆ ತುಂಬಿಸುವವರು ಆಗ ಬೇಕಾದಷ್ಟು ಮಂದಿ ಇದ್ದರು. ಇವರು ಮೊಟ್ಟೆ ಹುಡುಕಿದರು, ಹುಳು ತಿನ್ನುವ ಗಿಡ ಯಾವುದೆಂದು ನೋಡಿದರು, ಸೊಪ್ಪು ತಂದು ಹಾಕಿ ಕೋಶವಾಗುವವರೆಗೆ ಕಾದರು, ಕೋಶ ಎಲೆಗೆ ಹೇಗೆ ಅಂಟಿದೆ, ನೇತಾಡುತ್ತದೋ, ಸೊಂಟಕ್ಕೆ ನೂಲಿನ ಪಟ್ಟಿ ಕಟ್ಟಿಕೊಂಡಿದೆಯೋ ಎಂದೆಲ್ಲ ಬರೆದರು. 1896ರಿಂದ ಸೊಸೈಟಿಯ ಪತ್ರಿಕೆಯಲ್ಲಿ ಮೂವರ ಹೆಸರಿನಲ್ಲಿ ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಮೇಲಿನ ಬರಹ ಕಂತುಕಂತಾಗಿ ಬಂತು. ಫ್ರಾಂಕ್‌ಫರ್ಟಿನ ಹುಡುಗಿ ಇನ್ನೂರು ಚಿಲ್ಲರೆ ವರ್ಷದ ಹಿಂದೆ ಹಿಡಿದಿದ್ದ ದಾರಿಯೇ ಇದು.

ಡೇವಿಡ್ಸನ್, ಏಟ್ಕನ್ ಇಬ್ಬರೂ ಊರಿಗೆ ಮರಳಿದರು. ಬೆಲ್ ಮರಳಲಿಲ್ಲ. 1920ರಲ್ಲಿ ನಿವೃತ್ತನಾದ ಮೇಲೂ ಕಾರವಾರದಲ್ಲೇ ಮನೆ ಮಾಡಿಕೊಂಡು, 1948ರಲ್ಲಿ ಅಲ್ಲೇ ತೀರಿಕೊಂಡ. ಚಿಟ್ಟೆಗಳ ಮೇಲೆ ಇಷ್ಟು ಕೆಲಸ ಮಾಡಿದವನು ಗೆರೆಯ ಆ ಬದಿಗೂ ದಾಟಿದ. ಮೇಜರ್ ಎಫ್. ಬಿ. ಸ್ಕಾಟ್ ಜತೆ ಸೇರಿ ಅವನು ಬರೆದ, ಹ್ಯಾಂಪ್ಸನ್‌ನ ನಾಲ್ಕರ ಮುಂದಿನ ಐದನೆಯ ಸಂಪುಟ 1937ರಲ್ಲಿ ಬಂತು. ವಿಷಯ, ಲಿನೇಯಸ್‌ನ ನಡುಕೋಣೆಯ ಸ್ಫಿಂಕ್ಸ್ ಕುಟುಂಬ. ಬೆಲ್‌ಗೆ ಆಗ ಎಪ್ಪತ್ತನಾಲ್ಕು ವರ್ಷ.

ಈ ಕುಟುಂಬಕ್ಕೆ ಹೆಸರು ಬಂದದ್ದೂ ರೆಕ್ಕೆಯಿಂದಲ್ಲ, ಹುಳುವಿನಿಂದ. ತಲೆಯೆತ್ತಿ ಅಲುಗಾಡದೆ ಕೂತಾಗ ಅದು ಈಜಿಪ್ಟಿನ ಸ್ಫಿಂಕ್ಸ್ ಪ್ರತಿಮೆಯಂತೆ ಕಾಣುತ್ತದೆ ಎಂದು. ನೋಡಬೇಕೆನ್ನುವವರು ಅಂಗಳದ ಕಣಗಿಲೆ ಅಥವಾ ನಂದಿಬಟ್ಟಲು ಗಿಡ ತಡಕಿದರೆ ಸಾಕು. ಎಲೆಗಳು ಬುಡದವರೆಗೆ ಖಾಲಿಯಾಗಿದ್ದು, ನೆಲದ ಮೇಲೆ ಮೆಣಸಿನ ಕಾಳಿನಂಥ ಹಿಕ್ಕೆ ಉದುರಿದ್ದರೆ ಹುಳು ಮೇಲೆಲ್ಲೋ ಇದೆ. ಬೆರಳು ಗಾತ್ರ, ಹಸಿರು ಮೈ, ಹಿಂಬದಿಯಲ್ಲಿ ಗಿಡ್ಡ ಕೊಂಬು. ಕೊಂಬೆ ಅಲುಗಿಸಿದರೆ ತಲೆ ಒಳಗೆ ಎಳೆದುಕೊಳ್ಳುತ್ತದೆ. ಉಬ್ಬಿದ ಕತ್ತಿನ ಮೇಲೆ ನೀಲಿ-ಬಿಳಿಯ ಎರಡು ದೊಡ್ಡ ಕಣ್ಣುಗಳು ತಟ್ಟನೆ ತೆರೆದುಕೊಂಡ ಹಾಗಾಗುತ್ತದೆ. ಕಣ್ಣಲ್ಲ, ಬರೀ ಮಚ್ಚೆ. ಗೊತ್ತಿದ್ದೂ ಕೈ ಹಿಂದಕ್ಕೆ ಬರುತ್ತದೆ.

ಇನ್ನು ಗೆರೆ ಮುರಿದವನ ವಿಷಯ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮ್ಯಾಕ್ರೋಸೋಮಾ ಎಂಬ ತೆಳು ಮೈಯ, ಮಾಸಲು ಬಣ್ಣದ ಜೀವಗಳಿವೆ. ಒಟ್ಟು ಮೂವತ್ತೈದರ ಆಸುಪಾಸು ಜಾತಿ. ಬಹುಪಾಲು ಹಾರುವುದು ರಾತ್ರಿ. ಮೀಸೆಯ ತುದಿಯಲ್ಲಿ ಗದೆಯಿಲ್ಲ. ಹತ್ತೊಂಬತ್ತನೇ ಶತಮಾನದಿಂದ ಪಂಡಿತರು ಇವುಗಳನ್ನು, ಮೈ ಬಿಲ್ಲಿನಂತೆ ಬಾಗಿಸಿ ನಡೆಯುವ ಜೋಕಾಲಿ ಹುಳುವಿನ ಪತಂಗಗಳ ಪಕ್ಕದಲ್ಲೋ ಒಳಗೋ ಇಡುತ್ತಾ ಬಂದರು. ಇಪ್ಪತ್ತನೇ ಶತಮಾನದ ಮೊದಲಲ್ಲಿ ಆ ಪತಂಗಗಳ ವಿಷಯದಲ್ಲಿ ಕೊನೆಯ ಮಾತು ಲಂಡನ್ನಿನ ಲೂಯಿಸ್ ಬೀಥೋವನ್ ಪ್ರೌಟ್‌ನದು. ಅಪ್ಪ ಸಂಗೀತಶಾಸ್ತ್ರಜ್ಞ, ಆದ್ದರಿಂದ ಆ ಹೆಸರು. ಪ್ರೌಟ್ ಕೂಡ ಅವುಗಳನ್ನು ಅಲ್ಲೇ ಬಿಟ್ಟ.

1986ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಮಾಲ್ಕಂ ಸ್ಕೋಬಲ್ ಆ ಪೆಟ್ಟಿಗೆ ತೆರೆದು ಮತ್ತೆ ನೋಡಿದ. ಮೀಸೆ, ಹೊತ್ತು, ಬಣ್ಣ ಎಲ್ಲ ಬದಿಗಿಟ್ಟು, ಮೊಟ್ಟೆ ಹೇಗಿದೆ, ಕೋಶ ಹೇಗಿದೆ, ರೆಕ್ಕೆಯ ಬುಡದೊಳಗಿನ ರಚನೆ ಹೇಗಿದೆ ಎಂದು ಕೇಳಿದ. ಮೊಟ್ಟೆ ಚಿಟ್ಟೆಯದರ ಹಾಗೆ ನೆಟ್ಟಗೆ ನಿಂತಿತ್ತು. ಕೋಶ ಗೂಡು ಕಟ್ಟಿಕೊಳ್ಳದೆ, ಸೊಂಟಕ್ಕೆ ನೂಲಿನ ಪಟ್ಟಿ ಬಿಗಿದುಕೊಂಡಿತ್ತು. ಗಂಡಿನ ಮುಂಗಾಲುಗಳು ಕೆಲವು ಚಿಟ್ಟೆಗಳಲ್ಲಿ ಆಗುವಂತೆ ಮೊಟಕಾಗಿದ್ದವು. ಇವು ಪತಂಗವಲ್ಲ, ಚಿಟ್ಟೆಯ ಮನೆಯವೇ ಎಂದು ಸ್ಕೋಬಲ್ ಬರೆದ. ರಾತ್ರಿ ಹಾರುವ, ಗದೆಮೀಸೆಯಿಲ್ಲದ ಚಿಟ್ಟೆ! ಆಕ್ಷೇಪಣೆಗಳು ಬಂದವು. ಆಮೇಲೆ 2000ದಲ್ಲಿ ಜೇನ್ ಯಾಕ್ ಮತ್ತು ಜೇಮ್ಸ್ ಫುಲ್ಲರ್ಡ್ ಈ ಜೀವಗಳ ರೆಕ್ಕೆಯ ಬುಡದಲ್ಲಿ ಕಿವಿ ಇರುವುದನ್ನೂ, ಅದು ಬಾವಲಿಯ ಶ್ರವಣಾತೀತ ಕೂಗನ್ನು ಹಿಡಿಯುವುದನ್ನೂ ತೋರಿಸಿದರು. ಇರುಳ ಬದುಕಿಗೆ ಬೇಕಾದ ಸರಂಜಾಮೆಲ್ಲ ಹೊಂದಿಸಿಕೊಂಡ ಚಿಟ್ಟೆ.

ವಂಶವಾಹಿಗಳನ್ನು ಓದುವ ಕಾಲ ಬಂದ ಮೇಲೆ ಕೆಲಸ ಸರಸರ ನಡೆಯಿತು. ಸ್ಕೋಬಲ್ ಹೇಳಿದ್ದು ನಿಜವಾಯಿತು. ಅದಕ್ಕಿಂತ ಹೆಚ್ಚಾಗಿ, ಚಿಟ್ಟೆಗಳ ವಂಶವೃಕ್ಷದಲ್ಲಿ ಮೊದಲು ಕವಲೊಡೆದದ್ದು ಲಿನೇಯಸ್‌ನ ರಾವುತರು. ಬೇರೆ ಪಂಕ್ತಿಯಲ್ಲಿ ಕೂತಿದ್ದ ಸ್ಕಿಪ್ಪರುಗಳೂ ಮ್ಯಾಕ್ರೋಸೋಮಾಗಳೂ ಇರುವುದು ಮಿಕ್ಕ ಚಿಟ್ಟೆಗಳ ನಡುವೆಯೇ. ರಾವುತರನ್ನು ಚಿಟ್ಟೆ ಎಂದ ಮೇಲೆ ಇವರನ್ನು ಹೊರಗಿಡುವ ಹಾಗೇ ಇಲ್ಲ. 2023ರಲ್ಲಿ ಫ್ಲಾರಿಡಾದ ಅಕಿಟೋ ಕವಾಹರ ಮತ್ತು ಜತೆಗಾರರು ಸುಮಾರು 2,300 ಜಾತಿಗಳ 391 ವಂಶವಾಹಿಗಳನ್ನು ಹೋಲಿಸಿ, ಚಿಟ್ಟೆಗಳ ಮೂಲ ಸುಮಾರು ಹತ್ತು ಕೋಟಿ ವರ್ಷದ ಹಿಂದಿನ ಅಮೆರಿಕ ಖಂಡಗಳಲ್ಲಿದೆ, ಮೊದಲ ಹುಳುಗಳು ತಿಂದದ್ದು ಬಹುಶಃ ಅವರೆ-ತೊಗರಿಯ ಜಾತಿಯ ಗಿಡಗಳನ್ನು ಎಂದರು. ಬಾವಲಿಗೆ ಹೆದರಿ ಕೆಲವು ಪತಂಗಗಳು ಹಗಲಿಗೆ ಓಡಿಬಂದು ಚಿಟ್ಟೆಯಾದವು ಎಂಬ ಸೊಗಸಾದ ಊಹೆಯೊಂದಿತ್ತು. ಇದೇ ಗುಂಪಿನ 2019ರ ಅಧ್ಯಯನದಲ್ಲಿ ಅದೂ ಬಿದ್ದುಹೋಗಿತ್ತು. ಚಿಟ್ಟೆಗಳು ಹಗಲಿಗೆ ಬಂದಾಗ ಬಾವಲಿಗಳೇ ಇನ್ನೂ ಹುಟ್ಟಿರಲಿಲ್ಲ. ಬಿಸಿಲಲ್ಲಿ ಅರಳುವ ಹೂವುಗಳು ಕರೆದಿರಬೇಕು.

ಹುರುಪೆರೆಕ್ಕೆಯ ಕೀಟಗಳಲ್ಲಿ ಈವರೆಗೆ ಹೆಸರಾದವು ಒಂದೂವರೆ ಲಕ್ಷಕ್ಕೂ ಹೆಚ್ಚು ಜಾತಿ. ಅವುಗಳಲ್ಲಿ ಚಿಟ್ಟೆ ಹತ್ತೊಂಬತ್ತು ಸಾವಿರದ ಹತ್ತಿರ. ಮರದ ಚಿತ್ರ ಬಿಡಿಸಿದರೆ ಈ ಹತ್ತೊಂಬತ್ತು ಸಾವಿರ ಒಂದೇ ಕೊಂಬೆ, ಅದು ಚಿಗುರಿದ್ದು ಪತಂಗಗಳ ಕೊಂಬೆಗಳ ಮಧ್ಯದಲ್ಲಿ. ಅಂದರೆ ಚಿಟ್ಟೆ ಎಂಬ ಮನೆತನ ಇದೆ. ಪತಂಗ ಎಂಬ ಮನೆತನ ಇಲ್ಲ. ಲಿನೇಯಸ್‌ನ ಮೂರು ಕೋಣೆಗಳಲ್ಲಿ ಪ್ಯಾಪಿಲಿಯೋ, ಒಂದಷ್ಟು ಹೊರಗೆ ಒಳಗೆ ಮಾಡಿದ ಮೇಲೆ, ಉಳಿಯಿತು. ಸ್ಫಿಂಕ್ಸ್ ಒಂದು ಕುಟುಂಬವಾಗಿ ಉಳಿಯಿತು. ಎಲ್ಲಕ್ಕಿಂತ ದೊಡ್ಡದಾಗಿದ್ದ ಫಲೀನಾ ಕೋಣೆಗೆ ಗೋಡೆಗಳೇ ಇರಲಿಲ್ಲ. ಶಿಡ್ಲಘಟ್ಟದ ರೈತ ಪತಂಗವನ್ನು ಚಿಟ್ಟೆ ಎಂದರೆ ತಪ್ಪಾಗಬಹುದು. ಚಿಟ್ಟೆಯನ್ನು ಪತಂಗ ಎಂದರೆ ಇವತ್ತಿನ ವಿಜ್ಞಾನದಲ್ಲಿ ಅವನನ್ನು ತಿದ್ದುವ ಹಾಗಿಲ್ಲ.

ಹೊರಗೆ ಕತ್ತಲಾಗುತ್ತಿದೆ. ಟ್ಯೂಬ್‌ಲೈಟಿನ ಪಕ್ಕ ಪ್ಯಾಪಿಲಿಯೋ ಲೀಡಾ ಬಂದು ಕೂತಿದೆ. ಈಗ ಅದರ ಹೆಸರು ಮೆಲನೈಟಿಸ್ ಲೀಡಾ. ಮಳೆಗಾಲದಲ್ಲಾದರೆ ರೆಕ್ಕೆಯ ಅಡಿಯಲ್ಲಿ ಸಾಲಾಗಿ ಕಣ್ಣಿನ ಗುರುತುಗಳಿರುತ್ತವೆ. ಬೇಸಿಗೆಯಲ್ಲಿ ಅವು ಮಾಸಿ ಬರೀ ತರಗೆಲೆ. ರೆಕ್ಕೆ ಮೇಲೆತ್ತಿ ಜೋಡಿಸಿದೆ. ಮೀಸೆಯ ತುದಿ ನೋಡೋಣವೆಂದು ಕುರ್ಚಿ ಎಳೆದುಕೊಂಡು ಹತ್ತಿದರೆ, ಗೋಡೆಯ ಆ ಮೂಲೆಯಿಂದ ಹಲ್ಲಿ ಆಗಲೇ ಹೊರಟಿದೆ.